ಕೊಂಡಿ ಹಾಕಿಕೊಂಡು ನೀರಿಗಿಳಿದದ್ದು

ನಲವತ್ತೊಂದನೆಯ ವಯಸ್ಸಿನವರೆಗೆ ನನಗೆ ಈಜು ಬರುತ್ತಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಿ ಬೆಳೆದ ದಾವಣಗೆರೆಯಲ್ಲಿ ನೀರೆಂದರೆ ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ಬರುವಂಥದ್ದು. ಅದನ್ನು ಹಿಡಿದು ತುಂಬಿಸಿಡಬೇಕೇ ಹೊರತು ಅದರೊಳಗೆ ಇಳಿಯುವ ಯೋಚನೆ ನಮ್ಮ ಬೀದಿಯಲ್ಲಿ ಯಾರಿಗೂ ಬಂದಿರಲಿಲ್ಲ. ಈಗ ನನಗೆ ನಲವತ್ತೇಳು. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮನೆ, ಕನ್ನಡಕದ ಅಂಗಡಿಯಲ್ಲಿ ಕೆಲಸ, ವಾರಾಂತ್ಯದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಹೋಗಿ ಬರುವ ಹವ್ಯಾಸ. ಊರಿಗೆ ಫೋನ್ ಮಾಡಿದಾಗ ನಮ್ಮ ಅತ್ತೆಯೊಬ್ಬರು, "ಅಲ್ಲಿ ಏನೈತೆ ಅಂತ ಹೋಗ್ತಿ?" ಎಂದು ಕೇಳಿದರು. ಮೀನು ಎಂದೆ. "ಮೀನು ತಿನ್ನದವಳಿಗೆ ಮೀನಿನ ಹತ್ರ ಏನು ಕೆಲಸ?" ಎಂದರು. ಈ ಪ್ರಶ್ನೆಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಆದರೆ ನಾನು ಹೇಳಹೊರಟಿರುವುದು ಮೀನಿನ ವಿಷಯವಲ್ಲ, ಕ್ಲಿಪ್ಪಿನ ವಿಷಯ.

ಸಮುದ್ರದ ತಳದ ಚಿತ್ರಗಳನ್ನು ನೀವು ನೋಡಿರುತ್ತೀರಿ. ಮುಳುಗಿದವರು ಹಕ್ಕಿಗಳ ಹಾಗೆ ಹಗುರವಾಗಿ ತೇಲುತ್ತಿರುತ್ತಾರೆ. ದಡದ ಮೇಲೆ ಅವರು ಹೇಗಿರುತ್ತಾರೆಂದು ಯಾರೂ ಚಿತ್ರ ತೆಗೆಯುವುದಿಲ್ಲ. ಸಿಲಿಂಡರಿನ ಕುತ್ತಿಗೆಯಿಂದ ನಾಲ್ಕು ರಬ್ಬರ್ ಹೋಸ್‌ಗಳು ಹೊರಡುತ್ತವೆ. ಒಂದು ನಮ್ಮ ಬಾಯಿಗೆ. ಒಂದು ನಾವು ತೊಟ್ಟ ಜಾಕೆಟ್ಟಿಗೆ ಗಾಳಿ ತುಂಬಲಿಕ್ಕೆ. ಇನ್ನೊಂದರ ತುದಿಯಲ್ಲಿ ಗೇಜ್ ಇರುತ್ತದೆ. ಗಾಳಿ ಎಷ್ಟು ಉಳಿದಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ನಾಲ್ಕನೆಯದು ಹಳದಿ ಬಣ್ಣದ್ದು, ತುದಿಯಲ್ಲಿ ಬಾಯಲ್ಲಿ ಕಚ್ಚಿಕೊಳ್ಳುವ ಇನ್ನೊಂದು ಮೂತಿ. ಜೊತೆಗಾರರ ಗಾಳಿ ಮುಗಿದರೆ ಅವರು ಅದನ್ನು ಎಳೆದುಕೊಂಡು ಉಸಿರಾಡಬೇಕು. ಇದಕ್ಕೆ ಆಕ್ಟೋಪಸ್ ಎಂದು ಹೆಸರು. ಎಂಟು ಕೈಯ ಪ್ರಾಣಿಯ ಹೆಸರನ್ನು ಒಂದೇ ಕೈಯಿರುವ ವಸ್ತುವಿಗೆ ಯಾಕಿಟ್ಟರೋ ತಿಳಿಯದು. ಇವೆಲ್ಲವನ್ನೂ ಕ್ಲಿಪ್ ಹಾಕಿ ಮೈಗೆ ಅಂಟಿಕೊಂಡಿರುವಂತೆ ಕಟ್ಟಿಕೊಳ್ಳಬೇಕು. ನಾನು ಕಟ್ಟಿಕೊಳ್ಳುತ್ತಿರಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಉಸಿರಾಡುವುದನ್ನು ಮರೆಯದಿರುವುದರಲ್ಲೇ ನನ್ನ ಗಮನವೆಲ್ಲ ಖರ್ಚಾಗಿ, ಕ್ಲಿಪ್ಪಿನ ಪಾಠ ಕಿವಿಗೆ ಬಿದ್ದಿರಲಿಲ್ಲ.

ನನ್ನ ಜೊತೆಗಾತಿ ಲವೀನಾ. ಮಂಗಳೂರಿನವಳು, ಮನೆಮಾತು ಕೊಂಕಣಿ, ಆಗ ನಮ್ಮ ಮನೆಯಿಂದ ಮೂರನೇ ಮನೆಯಲ್ಲಿದ್ದಳು. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಸಮುದ್ರದ ಪಕ್ಕದಲ್ಲೇ ಬೆಳೆದರೂ ಹೆಣ್ಣುಮಕ್ಕಳೆಂದು ಮೊಣಕಾಲಿಗಿಂತ ಮೇಲೆ ನೀರಿಗೆ ಬಿಟ್ಟಿರಲಿಲ್ಲವಂತೆ. ಆ ಸಿಟ್ಟನ್ನು ಇಲ್ಲಿಗೆ ಬಂದು ತೀರಿಸಿಕೊಳ್ಳುತ್ತಿದ್ದಳು. ನನ್ನನ್ನು ನೀರಿಗೆ ಎಳೆದವಳೂ ಅವಳೇ.

ಆರು ವರ್ಷದ ಹಿಂದಿನ ಒಂದು ಶನಿವಾರ. ಮೆಲ್ಬರ್ನಿನ ದಕ್ಷಿಣಕ್ಕಿರುವ ಕೊಲ್ಲಿಯಲ್ಲಿ ಒಂದು ಹಳೆಯ ಮರದ ಜೆಟ್ಟಿಯ ಕೆಳಗೆ ನಾವಿಬ್ಬರೂ ಇಳಿದಿದ್ದೆವು. ಕಂಬಗಳ ನಡುವೆ ನಾನು ಬಹಳ ಗಾಂಭೀರ್ಯದಿಂದ ಈಜುತ್ತಿದ್ದಾಗ ಹಿಂದಿನಿಂದ ಯಾರೋ ನನ್ನನ್ನು ಹಿಡಿದುಕೊಂಡರು. ತಿರುಗಿ ನೋಡಿದೆ. ಯಾರೂ ಇಲ್ಲ. ಮುಂದೆ ಹೋಗಲು ನೋಡಿದೆ, ಮತ್ತೆ ಹಿಡಿದರು. ಇನ್ನೊಂದು ಸುತ್ತು ತಿರುಗಿದೆ. ಹಿಡಿತ ಇನ್ನೂ ಬಿಗಿಯಾಯಿತು. ಕೊಳವೆಯ ತುದಿಯಲ್ಲಿ ನೇತಾಡುತ್ತಿದ್ದ ನನ್ನ ಗೇಜು ಯಾರೋ ಬಿಟ್ಟುಹೋದ ಗಾಳದ ದಾರದಲ್ಲಿ ಸಿಕ್ಕಿಕೊಂಡಿತ್ತು. ನಾನು ತಿರುಗಿದಷ್ಟೂ ದಾರ ನನಗೇ ಸುತ್ತಿಕೊಳ್ಳುತ್ತಿತ್ತು. ಇದು ಆಮೇಲೆ ತಿಳಿದದ್ದು. ಆ ಹೊತ್ತಿಗೆ ನನಗೆ ತಿಳಿದದ್ದು ಎರಡೇ: ನನ್ನನ್ನು ಯಾವುದೋ ಹಿಡಿದಿದೆ, ಗಾಳಿ ಎಷ್ಟಿದೆ ಎಂದು ನೋಡಲು ಗೇಜು ಕೈಗೆ ಸಿಗುತ್ತಿಲ್ಲ. ಓಡುವ ಕುದುರೆಯ ಹಾಗೆ ಉಸಿರು ಬಿಡತೊಡಗಿದೆ.

ಲವೀನಾ ಬಂದು ನನ್ನ ಎರಡೂ ಭುಜ ಹಿಡಿದಳು. ಅಂಗೈ ತೋರಿಸಿದಳು: ನಿಲ್ಲು. ಕೈಯನ್ನು ಎದೆಯಿಂದ ಮುಂದಕ್ಕೆ ಮೆಲ್ಲಗೆ ಆಡಿಸಿದಳು: ಉಸಿರಾಡು. ನನ್ನ ಉಸಿರು ಹದಕ್ಕೆ ಬರುವವರೆಗೆ ಬೇರೇನೂ ಮಾಡಲಿಲ್ಲ. ಆಮೇಲೆ ಸೊಂಟದಿಂದ ಸಣ್ಣ ಕತ್ತರಿ ತೆಗೆದು ದಾರವನ್ನು ಎರಡು ಕಡೆ ಕತ್ತರಿಸಿ, ಗೇಜನ್ನು ತಂದು ನನ್ನ ಕೈಗಿಟ್ಟಳು. ಅರ್ಧಕ್ಕಿಂತ ಹೆಚ್ಚು ಗಾಳಿ ಇತ್ತು. ಆಳ ನಾಲ್ಕು ಮೀಟರ್. ಅಂದರೆ ನಮ್ಮ ಮನೆಯ ಮಹಡಿಯಷ್ಟೂ ಇಲ್ಲದ ನೀರಿನಲ್ಲಿ ನಾನು ನನ್ನ ಮಗಳ ಭವಿಷ್ಯದವರೆಗೆ ಯೋಚಿಸಿ ಮುಗಿಸಿದ್ದೆ.

ದಡಕ್ಕೆ ಬಂದ ಮೇಲೆ ಲವೀನಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಡೈವಿಂಗಿಗೆ ಬಂದದ್ದಾ, ಮದುವೆಗೆ ಬಂದದ್ದಾ? ಎಲ್ಲ ಹೀಗೆ ನೇತಾಡಿಸ್ಕೊಂಡು?"

ಇಂಥವರನ್ನು ಇಲ್ಲಿನವರು ಕ್ರಿಸ್ಮಸ್ ಟ್ರೀ ಎನ್ನುತ್ತಾರೆ. ದಂಡೆಯ ಪಕ್ಕದ ಅಂಗಡಿಯೊಂದರ ಗಾಜಿನಲ್ಲಿ ನನ್ನನ್ನು ನೋಡಿಕೊಂಡಾಗ ನೆನಪಾದದ್ದು ಮಾತ್ರ ಕೋಲೆಬಸವ. ಕೊಂಬಿಗೆ ಒಂದು, ಕೊರಳಿಗೆ ಒಂದು, ಬೆನ್ನಿಗೆ ನಾಲ್ಕು ಎಂದು ಬಣ್ಣಬಣ್ಣದ್ದೆಲ್ಲ ಜೋಲಾಡಿಸಿಕೊಂಡು, ಏನು ಕೇಳಿದರೂ ತಲೆಯಾಡಿಸುತ್ತ ನಿಂತ ಪ್ರಾಣಿ.

ಆ ಮಧ್ಯಾಹ್ನವೇ ಕಡಲ ದಂಡೆಯ ಪಿಕ್ನಿಕ್ ಬೆಂಚಿನ ಮೇಲೆ ಲವೀನಾ ನನಗೆ ಕ್ಲಿಪ್ ಕಟ್ಟುವ ಪಾಠ ಮಾಡಿದಳು. ಕ್ಲಿಪ್ ಎಂದರೆ ನಾಯಿಯ ಹಗ್ಗದ ತುದಿಯಲ್ಲಿರುತ್ತದಲ್ಲ, ಹೆಬ್ಬೆರಳಿನಿಂದ ಎಳೆದರೆ ಬಾಯಿ ಬಿಡುವ ಸ್ಪ್ರಿಂಗ್ ಕೊಕ್ಕೆ, ಅದೇ. ಸ್ಟೀಲಿನದು. ಅದರ ಕೆಳಗಿನ ಬಳೆಗೆ ಗಟ್ಟಿ ದಾರ ಪೋಣಿಸಿ, ಗೇಜಿನ ಕೊರಳಿನ ಹತ್ತಿರ ಹೋಸ್‌ಗೆ ಮೂರು ಸುತ್ತು ಸುತ್ತಿ, ಗಂಟು ಹಾಕಿ, ದಾರದ ತುದಿಯನ್ನು ಲೈಟರಿನಿಂದ ಕರಗಿಸಿ ಒತ್ತಬೇಕು. ಅವಳ ಬೆರಳುಗಳು ಶಸ್ತ್ರಚಿಕಿತ್ಸೆಯ ಮೇಜಿನ ಮುಂದೆ ಇರುವಂತೆಯೇ ಇಲ್ಲೂ ಓಡಾಡುತ್ತಿದ್ದವು.

"ದಾರ ಯಾಕೆ? ಸ್ಟೀಲ್ ರಿಂಗ್ ಹಾಕಿದರೆ ಗಟ್ಟಿ ಅಲ್ವಾ?" ಎಂದೆ.

"ಗಟ್ಟಿ ಹೌದು. ನೀರಿನ ಅಡಿಯಲ್ಲಿ ಕೊಕ್ಕೆ ಸಿಕ್ಕಿಬಿದ್ರೆ ಸ್ಟೀಲನ್ನು ಎಂತದ್ರಲ್ಲಿ ಕತ್ತರಿಸುದು? ದಾರ ಆದ್ರೆ ಕತ್ತರಿಸ್ಬಹುದು. ಕಟ್ಟಿದ್ದನ್ನು ಬಿಡಿಸ್ಲಿಕ್ಕೆ ಆಗ್ಬೇಕು ಮಾರಾಯ್ತಿ. ಇಲ್ದಿದ್ರೆ ಅದು ಕ್ಲಿಪ್ ಅಲ್ಲ, ಬೇಡಿ."

ಆಮೇಲೆ ಹಳದಿ ಆಕ್ಟೋಪಸ್ಸನ್ನು ಎತ್ತಿ ತೋರಿಸಿದಳು. "ಇದಕ್ಕೆ ಮಾತ್ರ ಕೊಕ್ಕೆ ಬೇಡ. ಬರೀ ರಬ್ಬರ್ ರಿಂಗಿನೊಳಗೆ ಸಿಕ್ಕಿಸಿಡುದು. ಎಳೆದ ಕೂಡ್ಲೆ ಬರ್ಬೇಕು. ಇದು ನಿನಗಲ್ಲ, ನನಗೆ. ನನಗೆ ಬೇಕಾದಾಗ ನಾನು ನಿನ್ನ ಹತ್ರ ಕೇಳ್ತಾ ಕೂತ್ಕೊಳ್ಳುದಿಲ್ಲ."

ನಾನು ಕೋಲೆಬಸವನಂತೆ ತಲೆಯಾಡಿಸಿದೆ. ನನ್ನ ಕಣ್ಣೆಲ್ಲ ಹೊಳೆಯುವ ಸ್ಟೀಲಿನ ಕೊಕ್ಕೆಯ ಮೇಲಿತ್ತು.

ಒಂದನ್ನು ಇನ್ನೊಂದಕ್ಕೆ ಸಿಕ್ಕಿಸಿಡುವ ವಿಷಯದಲ್ಲಿ ನಮ್ಮ ಭಾಷೆಯೇನು ಬಡವಲ್ಲ. ಕೊಂಡಿ, ಕೊಕ್ಕೆ, ಚಿಲಕ, ಅಗುಳಿ, ಗುಂಡಿ, ಕೀಲು, ಕುಣಿಕೆ. ಎಳೆದರೆ ಬಿಚ್ಚಿಕೊಳ್ಳುವುದು ಜೀರುಗುಣಿಕೆ. ಯಾರಪ್ಪನಿಗೂ ಬಿಚ್ಚಲಾಗದ್ದು ಬ್ರಹ್ಮಗಂಟು, ಅದನ್ನು ಮದುವೆಗೆ ಮೀಸಲಿಟ್ಟಿದ್ದಾರೆ. ನನ್ನ ಅಮ್ಮನ ಕಾಲದ ಹೆಂಗಸರೆಲ್ಲ ಕೊಂಡಿ ಶಾಸ್ತ್ರದಲ್ಲಿ ಪಂಡಿತರೇ. ಅಮ್ಮನ ತಾಳಿಸರದಲ್ಲಿ ಯಾವಾಗಲೂ ನಾಲ್ಕೈದು ಪಿನ್ನುಗಳು ನೇತಾಡುತ್ತಿದ್ದವು. ಬಸ್ಸಿನಲ್ಲಿ ಯಾರ ಚಪ್ಪಲಿ ಕಿತ್ತರೂ, ಶಾಲೆಗೆ ಹೊರಟ ಯಾರ ಲಂಗದ ಹುಕ್ಕು ಹೋದರೂ ಅಮ್ಮನ ಕೈ ಕೊರಳಿಗೆ ಹೋಗುತ್ತಿತ್ತು. ಇಂಥ ವಂಶದಲ್ಲಿ ಹುಟ್ಟಿದವಳು ಕ್ಲಿಪ್ಪಿನ ಮೋಹಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಮೋಹ ಬೆಳೆಯಲು ಇನ್ನೊಂದು ಕಾರಣವೂ ಒದಗಿತು. ಎರಡು ವರ್ಷದ ಹಿಂದೆ ಲವೀನಾಳ ಗಂಡನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿನ ಹೊರವಲಯದ ಸ್ಕೋಫೀಲ್ಡ್ಸ್‌ಗೆ ಮನೆ ಬದಲಿಸಿದರು. "ಇಲ್ಲಿ ಎಲ್ಲ ಹೊಸ ಮನೆ, ಹೊಸ ಬೇಲಿ, ಒಂದು ಮರ ಇಲ್ಲ. ಸಮುದ್ರಕ್ಕೆ ಒಂದೂವರೆ ಗಂಟೆ ಡ್ರೈವ್" ಎಂದು ಫೋನಿನಲ್ಲಿ ಗೊಣಗುತ್ತಿದ್ದಳು. ನಾನು ಇಲ್ಲಿ ಗುರುತಿಲ್ಲದ ಜೊತೆಗಾರರೊಂದಿಗೆ ನೀರಿಗಿಳಿಯುವಂತಾಯಿತು. ಒಳ್ಳೆಯವರೇ, ಆದರೆ ನನ್ನ ಹೆದರಿಕೆಯ ಮುಖಪರಿಚಯ ಅವರಿಗಿರಲಿಲ್ಲ. ಲವೀನಾ ಪಕ್ಕದಲ್ಲಿಲ್ಲದ ಕೊರತೆಯನ್ನು ನಾನು ಕೊಕ್ಕೆಗಳಿಂದ ತುಂಬತೊಡಗಿದೆ. ಟಾರ್ಚಿಗೊಂದು, ಅದು ಬಿದ್ದರೆ ಎಂದು ಇನ್ನೊಂದು. ದಿಕ್ಸೂಚಿಗೆ, ಬರೆಯುವ ಫಲಕಕ್ಕೆ, ಫಲಕದ ಪೆನ್ಸಿಲ್ಲಿಗೆ. ಗೇಜಿಗೆ ಎರಡು. ಮನೆಯಲ್ಲೂ ರೋಗ ಹಬ್ಬಿತು. ಕಾರಿನ ಕೀಲಿ ಚೀಲಕ್ಕೆ, ಚೀಲ ಕುರ್ಚಿಗೆ, ಟಿವಿಯ ರಿಮೋಟು ಸೋಫಾಕ್ಕೆ. ಹದಿನೈದು ವರ್ಷದ ಮಗಳು ಸಂಹಿತಾ ಚಾನೆಲ್ ಬದಲಿಸಲು ಸೋಫಾದ ಮೂಲೆಗೆ ಬಾಗಿ, "ಅಮ್ಮಾ, ದಿಸ್ ಈಸ್ ನಾಟ್ ನಾರ್ಮಲ್" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ; ನನ್ನನ್ನು ಬೈಯಲು ಮಾತ್ರ ಇಂಗ್ಲಿಷೇ ಅನುಕೂಲ. ನನ್ನ ಗಂಡ ಮಂಜುನಾಥ ರಿಮೋಟಿನ ಕೊಕ್ಕೆ ಬಿಚ್ಚಿ, ಟಿವಿ ನೋಡಿಯಾದ ಮೇಲೆ ಮತ್ತೆ ಸಿಕ್ಕಿಸಿಡುತ್ತಿದ್ದರು. ನೀರನ್ನು ಲೋಟದಲ್ಲಿ ಮಾತ್ರ ನಂಬುವ ಮನುಷ್ಯ ಅವರು.

ಇದೇ ಭರದಲ್ಲಿ ಒಂದು ದಿನ ಆಕ್ಟೋಪಸ್ಸಿಗೂ ಕೈ ಹಾಕಿದೆ. ಹಿಂದಿನ ಎರಡು ಸಲ ಅದು ರಬ್ಬರ್ ರಿಂಗಿನಿಂದ ಜಾರಿ ಮರಳಿನಲ್ಲಿ ಎಳೆದಾಡಿತ್ತು. ಸಡಿಲವಾದದ್ದನ್ನು ಕಂಡರೆ ನನಗಾಗದು. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಾನು ಮಾಡುವುದೂ ಸ್ಕ್ರೂ ಬಿಗಿಯುವ ಕೆಲಸವೇ. ರಬ್ಬರನ್ನು ಕಿತ್ತೆಸೆದು, ಸ್ಟೀಲ್ ಕೊಕ್ಕೆ ತಂದು, ದಾರವೇಕೆ ಎಂದು ದಪ್ಪ ಪ್ಲಾಸ್ಟಿಕ್ ಪಟ್ಟಿಯಿಂದ ಎರಡು ಸಲ ಬಿಗಿದು, ಜಾಕೆಟ್ಟಿನ ಎದೆಯ ಮೇಲಿನ ಉಂಗುರಕ್ಕೆ ಸಿಕ್ಕಿಸಿದೆ. ಅಲ್ಲಾಡಿಸಿ ನೋಡಿದೆ. ಅಲ್ಲಾಡಲಿಲ್ಲ. ಬಹಳ ಸಂತೋಷವಾಯಿತು.

ಕಳೆದ ನವೆಂಬರಿನಲ್ಲಿ ಸಿಡ್ನಿಗೆ ಹೋದೆ. ಶನಿವಾರ ಬೆಳಿಗ್ಗೆ ಲವೀನಾಳೇ ಕಾರು ಓಡಿಸಿಕೊಂಡು ಊರಿನ ದಕ್ಷಿಣ ತುದಿಯ ಕರ್ನೆಲ್ ಎಂಬಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಬಂಡೆಗಳ ಮೇಲಿಂದ ಇಳಿಯಬೇಕು. ಬಂಡೆಗಳು ಚೂಪಾದ್ದರಿಂದ ಇಬ್ಬರೂ ದಪ್ಪ ಗ್ಲೌಸ್ ಹಾಕಿಕೊಂಡೆವು. ಇಳಿಯುವ ಮುಂಚೆ ಜೊತೆಗಾರರು ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಿ ನೋಡಬೇಕೆಂಬುದು ಮೊದಲ ಪಾಠ. ಒಂದೂವರೆ ವರ್ಷದ ಮೇಲೆ ಸಿಕ್ಕಿದ್ದೆವು, ಮಾತು ಮುಗಿದಿರಲಿಲ್ಲ. ಅವಳ ಅಡುಗೆಮನೆಯ ಟೈಲ್ಸಿನ ವಿಷಯ ಮಾತಾಡುತ್ತಲೇ ಇಬ್ಬರೂ ನೀರಿಗೆ ಬಿದ್ದೆವು.

ಒಂಬತ್ತು ಮೀಟರ್ ಆಳದಲ್ಲಿ, ಇಳಿದು ಇಪ್ಪತ್ತು ನಿಮಿಷವಾಗಿದ್ದಾಗ, ಕುಕ್ಕರಿನ ವಿಷಲ್ ಹಾಳಾದಂಥ ಸದ್ದು ಕೇಳಿಸಿತು. ಲವೀನಾಳ ಬಾಯಿಯ ಸುತ್ತ ಗುಳ್ಳೆಗಳ ಗೋಡೆ. ಅವಳ ಬಾಯಲ್ಲಿದ್ದ ಉಸಿರಾಟದ ಯಂತ್ರದಲ್ಲಿ ಏನೋ ಸಿಕ್ಕಿಬಿದ್ದು ಗಾಳಿ ನಿಲ್ಲದೆ ನುಗ್ಗುತ್ತಿತ್ತು. ಅವಳು ನನಗೆ ಗೇಜು ಹಿಡಿದು ತೋರಿಸಿದಳು. ಗಡಿಯಾರದ ಸೆಕೆಂಡಿನ ಮುಳ್ಳಿನಂತೆ ಅದು ಕಣ್ಣೆದುರೇ ಇಳಿಯುತ್ತಿತ್ತು. ಅಂಗೈಯನ್ನು ಗಂಟಲಿನ ಮುಂದೆ ಅಡ್ಡ ಎಳೆದಳು: ಗಾಳಿ ಇಲ್ಲ. ಮರುಕ್ಷಣವೇ ಕೈ ಚಾಚಿ ನನ್ನ ಎದೆಯ ಮೇಲಿನ ಹಳದಿ ಆಕ್ಟೋಪಸ್ಸನ್ನು ಹಿಡಿದು ಎಳೆದಳು.

ಅದು ಬರಲಿಲ್ಲ. ನಾನು ಬಂದೆ.

ಇನ್ನೊಮ್ಮೆ ಎಳೆದಳು. ಇನ್ನೊಮ್ಮೆ ನಾನೇ ಅವಳ ಮುಖಕ್ಕೆ ಹೋಗಿ ಬಡಿದೆ. ಕೊಕ್ಕೆಯ ಗುಬುಟನ್ನು ಹುಡುಕಿದೆ. ದಪ್ಪ ಗ್ಲೌಸಿನ ಹೆಬ್ಬೆರಳಿಗೆ ಅದು ಸಿಗಲಿಲ್ಲ. ಅಷ್ಟು ಹೊತ್ತಿಗೆ ಗುಳ್ಳೆಗಳ ಗೋಡೆ ತೆಳುವಾಗಿ, ಸದ್ದು ನಿಂತು, ಅವಳ ಕಣ್ಣು ಕಾಣಿಸಿತು. ಎಷ್ಟೋ ಜನರ ತೆರೆದ ಹೊಟ್ಟೆಯ ಪಕ್ಕದಲ್ಲಿ ನಿಂತು ಅಲುಗದ ಕಣ್ಣು ಅದು. ಅದರಲ್ಲಿ ಹೆದರಿಕೆ ಇತ್ತು.

ಬಾಯಲ್ಲಿದ್ದ ತುತ್ತನ್ನು ತೆಗೆದು ಕೊಡುವುದು ಎನ್ನುತ್ತಾರೆ. ನಾನು ಯೋಚಿಸಿ ಮಾಡಿದ್ದಲ್ಲ. ನನ್ನ ಬಾಯಲ್ಲಿದ್ದದ್ದನ್ನು ಕಿತ್ತು ಅವಳ ಬಾಯಿಗೆ ತುರುಕಿದೆ. ಅವಳ ಎದೆ ಏರಿ ಇಳಿದದ್ದನ್ನು ಕಂಡ ಮೇಲೆ, ಈಗ ನನ್ನ ಗತಿಯೇನು ಎಂಬುದು ಹೊಳೆಯಿತು. ಆಕ್ಟೋಪಸ್ ಅಲ್ಲೇ ಇತ್ತು, ನನ್ನ ಎದೆಗೆ ಬಿಗಿದುಕೊಂಡು, ಕತ್ತಿನ ಗುಂಡಿಯಿಂದ ಎರಡು ಬೆರಳು ಕೆಳಗೆ. ಅದು ನನ್ನ ಬಾಯಿಗೆ ಬರಲಾರದು. ಹಾಗಾದರೆ ಬಾಯಿ ಅಲ್ಲಿಗೆ ಹೋಗಬೇಕು. ತೊಟ್ಟಿಗೆ ಬಾಯಿ ಹಾಕುವ ಎಮ್ಮೆಯ ಹಾಗೆ ಕತ್ತು ಬಗ್ಗಿಸಿ, ಗಲ್ಲವನ್ನು ಎದೆಗೆ ಒತ್ತಿ, ಒಂದು ಬಾಯಿ ಉಪ್ಪುನೀರು ಕುಡಿದು, ಅದರ ಮೇಲಿನ ಗುಂಡಿ ಒತ್ತಿ ಒಳಗಿದ್ದ ನೀರನ್ನು ಹೊರಗೆ ಊದಿಸಿ, ಗಾಳಿ ಎಳೆದುಕೊಂಡೆ. ಆಮೇಲೆ ತಲೆ ಎತ್ತುವಂತಿರಲಿಲ್ಲ. ಲವೀನಾ ನನ್ನ ಜಾಕೆಟ್ಟನ್ನು ಬಿಗಿಯಾಗಿ ಹಿಡಿದು ಮೆಲ್ಲಗೆ ಮೇಲಕ್ಕೆ ಕರೆದೊಯ್ದಳು. ಒಂಬತ್ತು ಮೀಟರ್ ಉದ್ದಕ್ಕೂ ನಾನು ಹಸೆಮಣೆಯ ಮೇಲಿನ ಮದುಮಗಳಂತೆ ತಲೆ ತಗ್ಗಿಸಿಕೊಂಡೇ ಹೋದೆ. ನನ್ನ ಸ್ವಂತ ಮದುವೆಯಲ್ಲೂ ನಾನು ಅಷ್ಟು ಹೊತ್ತು ತಲೆ ತಗ್ಗಿಸಿರಲಿಲ್ಲ.

ಬಂಡೆಯ ಮೇಲೆ ಬಂದು ಕೂತ ಮೇಲೆ ಲವೀನಾ ಕತ್ತರಿ ತೆಗೆದು ನನ್ನ ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿದಳು. ಒಂದೇ ಸಲಕ್ಕೆ ಆಗಲಿಲ್ಲ.

"ಇದಕ್ಕೆ ಕೊಕ್ಕೆ ಬೇಡ ಅಂತ ನಾನು ಹೇಳಿದ್ದೆ ಅಲ್ವಾ?"

"ಹೇಳಿದ್ದೆ."

"ಮತ್ತೆ?"

"ಬೀಳ್ತಿತ್ತು. ಅದಕ್ಕೆ."

ಕತ್ತರಿಸಿದ ಪಟ್ಟಿಗಳನ್ನು ಅವಳು ಆರಿಸಿ ಚೀಲಕ್ಕೆ ಹಾಕಿದಳು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾರಿನ ಹತ್ತಿರ ಬಂದು ಟವೆಲ್ ಸುತ್ತಿಕೊಂಡು ನಿಂತಾಗ ನನಗೆ ಅಳು ಬಂತು. ಇನ್ನು ನಾನು ನೀರಿಗೆ ಇಳಿಯುವುದಿಲ್ಲ, ನನ್ನಂಥವಳು ಇಳಿಯಬಾರದು ಎಂದೆ.

"ನಾನು ಕೂಡ ಇಳಿಯುವ ಮುಂಚೆ ಮುಟ್ಟಿ ನೋಡ್ಲಿಲ್ಲ" ಎಂದಳು ಲವೀನಾ. "ಟೈಲ್ಸ್ ಮಾತಾಡ್ತಾ ಇದ್ದೆ. ಥಿಯೇಟರಿನಲ್ಲಿ ಹೊಲಿಗೆ ಹಾಕುವ ಮುಂಚೆ ನಾವು ಒಂದೊಂದು ಹತ್ತಿಬಟ್ಟೆಯನ್ನೂ ಎಣಿಸ್ತೇವೆ. ಎಷ್ಟು ವರ್ಷ ಅನುಭವ ಇರ್ಲಿ, ಎಣಿಸ್ಲೇಬೇಕು. ಅಲ್ಲಿ ಎಣಿಸುವವಳು ಇಲ್ಲಿ ಎಣಿಸ್ಲಿಲ್ಲ. ಹಾಗಾದ್ರೆ ನಾನೂ ಬಿಡ್ಬೇಕು." ಸ್ವಲ್ಪ ಹೊತ್ತು ಕೂದಲು ಒರೆಸಿಕೊಂಡಳು. "ಇಬ್ಬರೂ ಬಿಟ್ಟು ಎಂತ ಮಾಡುದು? ಭಾನುವಾರ ಮಾಲ್‌ಗೆ ಹೋಗುದಾ?"

ಮಾಲ್ ಎಂಬ ಮಾತು ಕೇಳಿ ಇಬ್ಬರಿಗೂ ಭವಿಷ್ಯ ಒಟ್ಟಿಗೇ ಕಣ್ಣಿಗೆ ಕಟ್ಟಿತೆಂದು ಕಾಣುತ್ತದೆ. ಅವಳು ನಕ್ಕಳು. ನನಗೂ ಅಳುವಿನ ನಡುವೆ ನಗು ಬಂತು.

ಸಂಜೆ ಸ್ಕೋಫೀಲ್ಡ್ಸ್‌ನ ಅವಳ ಹೊಸ ಊಟದ ಮೇಜಿನ ಮೇಲೆ ನನ್ನ ಹೋಸ್‌ಗಳನ್ನೆಲ್ಲ ಹರಡಿಕೊಂಡು ಕೂತೆವು. ನನ್ನ ಹನ್ನೊಂದು ಕೊಕ್ಕೆಗಳಲ್ಲಿ ಎಂಟನ್ನು ಅವಳು ಬಿಚ್ಚಿ ಬಟ್ಟಲಿಗೆ ಹಾಕಿದಳು. ಗೇಜಿನ ಕೊಕ್ಕೆ ಉಳಿಯಿತು, ದಾರದೊಂದಿಗೆ. ಆಕ್ಟೋಪಸ್ಸಿಗೆ ಮೆತ್ತನೆಯ ರಬ್ಬರ್ ಕೊಳವೆಯಿಂದ ಹೊಸ ಬಳೆ ಮಾಡಿದೆವು. ಮೊದಲನೆಯದು ಬಿಗಿಯಾಯಿತು, ಎರಡನೆಯದು ತಾನಾಗಿಯೇ ಉದುರಿತು. ಮೂರನೆಯದು ಅಲ್ಲಾಡಿಸಿದರೆ ಬೀಳಲಿಲ್ಲ, ಎಳೆದರೆ ಬಂತು. ಅವಳು ಕಣ್ಣು ಮುಚ್ಚಿಕೊಂಡು, ಗ್ಲೌಸ್ ಹಾಕಿಕೊಂಡು ಇಪ್ಪತ್ತು ಸಲ ಎಳೆದಳು. ಆಮೇಲೆ ಅವಳದ್ದನ್ನು ನನ್ನ ಕೈಯಿಂದ ಇಪ್ಪತ್ತು ಸಲ ಎಳೆಸಿದಳು. ಅವಳ ಗಂಡ ಅಡುಗೆಮನೆಯಿಂದ ಇಣುಕಿ ನೋಡಿ, ಕೇಳುವುದು ಬೇಡವೆಂದು ನಿರ್ಧರಿಸಿ ಒಳಗೆ ಹೋದ.

ಭಾನುವಾರ ಅವಳು ಅಂಗಡಿಯಿಂದ ಬೇರೆ ಉಸಿರಾಟದ ಯಂತ್ರವನ್ನು ಬಾಡಿಗೆಗೆ ತಂದಳು. ಅದೇ ಜಾಗಕ್ಕೆ ಹೋದೆವು. ನೀರಿನ ಅಂಚಿನಲ್ಲಿ ಮಾತಾಡದೆ ನಿಂತು, ಅವಳು ನನ್ನ ಎದೆಯ ಮೇಲಿನದನ್ನು ಎಳೆದಳು, ನಾನು ಅವಳದ್ದನ್ನು ಎಳೆದೆ. ಮೊದಲ ಐದು ನಿಮಿಷ ನಾನು ಮೀನು ನೋಡಲಿಲ್ಲ, ಲವೀನಾಳನ್ನೇ ನೋಡುತ್ತಿದ್ದೆ. ಆಮೇಲೆ ಅವಳು ಕೈಯಿಂದ ಕಡಲ ಪಾಚಿಯ ಕಡೆಗೆ ತೋರಿಸಿದಳು.

ಪಾಚಿಯ ಎಲೆಯೊಂದು ತಾನಾಗಿ ತಿರುಗಿ ನಮ್ಮನ್ನು ನೋಡಿತು. ಸೀ ಡ್ರ್ಯಾಗನ್. ಮೊಳದುದ್ದದ ಮೈ, ಪೀಪಿಯಂಥ ಮೂತಿ, ಹಳದಿ ಚುಕ್ಕೆ, ನೇರಳೆ ಪಟ್ಟೆ. ಕತ್ತಿಗೆ, ಬೆನ್ನಿಗೆ, ಬಾಲಕ್ಕೆ ಎಲ್ಲ ಕಡೆಯೂ ಎಲೆಯಂಥವು ಜೋಲಾಡುತ್ತಿವೆ. ಅಷ್ಟೆಲ್ಲ ನೇತಾಡಿಸಿಕೊಂಡೂ ಅದು ಯಾವುದಕ್ಕೂ ಸಿಕ್ಕಿಕೊಳ್ಳದೆ, ಅಲೆ ಹೋದ ಕಡೆ ಒಂದಿಷ್ಟು ಹೋಗಿ, ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಬಾಲದ ಅಡಿಯಲ್ಲಿ ದಾಳಿಂಬೆ ಬೀಜ ಜೋಡಿಸಿಟ್ಟಂತೆ ಗುಲಾಬಿ ಬಣ್ಣದ ಮೊಟ್ಟೆಗಳು. ಎಷ್ಟು ಹೊತ್ತು ನೋಡಿದೆನೋ. ಗೇಜು ನೋಡಿಕೊಂಡು ಮೇಲೆ ಹೋಗೋಣವೆಂದು ಲವೀನಾಳಿಗೆ ಹೆಬ್ಬೆರಳು ಎತ್ತಿದವಳು ಮಾತ್ರ ನಾನೇ.

ವಾಪಸು ಬರುವಾಗ ಕಾರಿನಿಂದಲೇ ಮಂಜುನಾಥರಿಗೆ ಫೋನ್ ಮಾಡಿದೆ. ಲವೀನಾ ಓಡಿಸುತ್ತಿದ್ದಳು. ಮೊದಲು ಸೀ ಡ್ರ್ಯಾಗನ್ನಿನ ಕಥೆ ಹೇಳಿದೆ. ಅದು ಗಂಡು, ಮೊಟ್ಟೆ ಹೊರುವುದು ಗಂಡೇ, ಬಾಲಕ್ಕೆ ಅಂಟಿಸಿಕೊಂಡು ವಾರಗಟ್ಟಲೆ ಓಡಾಡುತ್ತದೆ ಎಂದೆ.

"ಬಿದ್ದು ಹೋಗಲ್ವಾ?" ಎಂದರು.

"ಇಲ್ಲ. ಮರಿಯಾದ ಮೇಲೆ ಅವೇ ಬಿಟ್ಕೊಂಡು ಹೋಗ್ತಾವೆ."

"ಪಾಪ" ಎಂದರು. ಯಾರಿಗೆ ಎಂದು ತಿಳಿಯಲಿಲ್ಲ. ಆಮೇಲೆ ಕೇಳಿದರು, "ಸರಿ, ಇನ್ನೇನಾಯ್ತು ಹೇಳು. ಬರೀ ಮೀನಿನ ಸುದ್ದಿಗೆ ನೀನು ಫೋನ್ ಮಾಡೋಳಲ್ಲ."

ಶನಿವಾರದ್ದನ್ನು ಹೇಳಿದೆ. ಏನೂ ಬಿಡದೆ, ನನ್ನ ತಪ್ಪನ್ನೂ. ಲವೀನಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಸ್ಪೀಕರ್ ಹಾಕು" ಎಂದರು. "ಲವೀನಾ, ಇವಳು ಏನು ಮಾಡಿದ್ರೂ ಒಂದು ಕೈ ಜಾಸ್ತಿನೇ. ಇನ್ನು ಮುಂದೆ ಇಳಿಯೋಕೆ ಮೊದಲು ಒಂದ್ಸಲ ಎಳೆದು ನೋಡಿ."

"ಇವತ್ತು ಎಳೆದು ನೋಡಿಯೇ ಇಳಿದದ್ದು ಮಂಜಣ್ಣ."

"ಬಂತಾ?"

"ಬಂತು."

"ಹಂಗಾದ್ರೆ ಸರಿ." ಮತ್ತೆ ನನ್ನನ್ನು ಕೇಳಿದರು, "ಫ್ಲೈಟ್ ನಾಳೆ ಸಂಜೆ ತಾನೆ?" ಮುಳುಗಿದವರು ಒಂದು ದಿನ ಕಳೆಯದೆ ವಿಮಾನ ಹತ್ತಬಾರದು ಎಂಬುದು ಅವರಿಗೆ ಗೊತ್ತಿತ್ತು. ನಾನು ಯಾವತ್ತೂ ಹೇಳಿರಲಿಲ್ಲ; ಎಲ್ಲಿ ಓದಿಕೊಂಡಿದ್ದರೋ. "ಏರ್‌ಪೋರ್ಟಿಗೆ ಬರ್ತೀನಿ" ಎಂದು ಇಟ್ಟುಬಿಟ್ಟರು.

ಇನ್ನು ಇದನ್ನೆಲ್ಲ ನಿಲ್ಲಿಸು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಸ್ಕೋಫೀಲ್ಡ್ಸ್ ಬರುವವರೆಗೂ ಅವರ ಜೊತೆ ವಾದ ಮಾಡುತ್ತಿದ್ದೆ, ಬಹುಶಃ ಗೆಲ್ಲುತ್ತಲೂ ಇದ್ದೆ. ಹೇಳಲಿಲ್ಲವಾದ್ದರಿಂದ, ನಾಳೆಯ ಸಂಜೆ ಬಹಳ ದೂರವಿದೆ ಎನ್ನಿಸಿತು.